ಹೊಸ ಗೇಮ್ ಬಂದೈತಿ, ಹೆಂಗೈತಿ?: ಗೇಮ್ ವಿಮರ್ಶೆಗೆ ಇಳಿಯುವವರಿಗೆ ಯಶಸ್ಸಿನ ಸೂತ್ರಗಳು

ಹಾವೇರಿ ಜಿಲ್ಲೆಯ ಹಿರೇಕೆರೂರಿನ ಕಾಲೇಜು ಮೈದಾನವಿರಲಿ, ಹಾನಗಲ್ಲಿನ ಬಸ್ ನಿಲ್ದಾಣವಿರಲಿ, ಶಿಗ್ಗಾವಿ-ಸವಣೂರಿನ ಹಾಸ್ಟೆಲ್ಲುಗಳಿರಲಿ, ಹೊಸ ಗೇಮ್ ಬಂದ ವಾರ ಹುಡುಗರ ಬಾಯಲ್ಲಿ ಇರುವ ಪ್ರಶ್ನೆ ಒಂದೇ: 'ಹೆಂಗೈತಿ?' ಉತ್ತರವೂ ಒಂದೇ ಮಾತಿನದು. 'ಮಸ್ತ್ ಐತಿ', ಇಲ್ಲವೇ 'ದಂಡ'. ಎರಡರಿಂದಲೂ ಕೇಳಿದವನಿಗೆ ಏನೂ ತಿಳಿಯುವುದಿಲ್ಲ. ಅವನ ನಾಲ್ಕು ಜಿಬಿ ರ‍್ಯಾಮಿನ ಫೋನಿನಲ್ಲಿ ಅದು ಓಡುತ್ತದೆಯೇ? ದಿನದ ಒಂದೂವರೆ ಜಿಬಿ ಡೇಟಾ ಸಾಕಾಗುತ್ತದೆಯೇ? ಮನೆಯಲ್ಲಿ ಕಾಡಿ ಬೇಡಿ ಪಡೆದ ದುಡ್ಡನ್ನು ಅದಕ್ಕೆ ಹಾಕಬಹುದೇ? ಅವನಿಗೆ ಬೇಕಾದದ್ದು ಇದು.

ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ವಿಮರ್ಶೆಗಳು ರಾಶಿ ಬಿದ್ದಿವೆ. ಬಹುಪಾಲು ಲಕ್ಷ ರೂಪಾಯಿಯ ಕಂಪ್ಯೂಟರಿನ ಮುಂದೆ, ಫೈಬರ್ ಇಂಟರ್ನೆಟ್ ಹಾಕಿಸಿಕೊಂಡು ಕೂತವರು ಮಾಡಿದವು. ಅಬಲೂರಿನ ಪಿಯುಸಿ ಹುಡುಗಿಗೆ ಅವು ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಉಳಿದ ಅರ್ಧವನ್ನು ಹೇಳಬಲ್ಲವರು ಇದೇ ಊರುಗಳಲ್ಲಿ ಇದ್ದಾರೆ. ಅಂಥ ತಮ್ಮ-ತಂಗಿಯರಿಗಾಗಿ ಈ ಸೂತ್ರಗಳು.

1. ಮೊದಲು ಫೋನ್ ಹೇಳಿ, ಆಮೇಲೆ ಗೇಮ್ ಹೇಳಿ

2020ರ ಡಿಸೆಂಬರ್ 10ರಂದು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ 'ಸೈಬರ್‌ಪಂಕ್ 2077' ಬಿಡುಗಡೆಯಾಯಿತು. ಅದಕ್ಕೂ ಮೊದಲು ವಿಮರ್ಶಕರ ಕೈ ಸೇರಿದ್ದು ಪಿಸಿ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮೇಲೆ ಅದು ಹೇಗೆ ಓಡುತ್ತದೆ ಎಂಬುದನ್ನು ಯಾರೂ ಮುಂಚಿತವಾಗಿ ನೋಡಿರಲಿಲ್ಲ. ಹೊಗಳಿಕೆ ಓದಿ ಹಳೆಯ ಕನ್ಸೋಲಿಗೆಂದು ಕೊಂಡವರಿಗೆ ಸಿಕ್ಕಿದ್ದು ತಡವರಿಸುವ ಚಿತ್ರ, ನಡುವೆ ನಿಂತೇಹೋಗುವ ಆಟ. ಎಂಟೇ ದಿನಕ್ಕೆ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದ ತೆಗೆದುಹಾಕಿ, ಹಣ ಮರಳಿಸಲು ಮುಂದಾಯಿತು. ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ಅವರು ಆಡಿದ ಯಂತ್ರ ಬೇರೆ, ಓದುಗರ ಮನೆಯಲ್ಲಿದ್ದ ಯಂತ್ರ ಬೇರೆ.

ಆದ್ದರಿಂದ ನಿಮ್ಮ ವಿಮರ್ಶೆಯ ತಲೆಯ ಮೇಲೇ ಇಷ್ಟು ಇರಲಿ: ಫೋನಿನ ಮಾಡೆಲ್, ರ‍್ಯಾಮ್ ಎಷ್ಟು, ಆಂಡ್ರಾಯ್ಡ್ ಯಾವುದು, ಎಷ್ಟು ಜಾಗ ಖಾಲಿ ಇತ್ತು, ವೈಫೈಯೋ ಸಿಮ್ ಡೇಟಾವೋ. ನಿಮ್ಮದು ಮೂರು ವರ್ಷದ ಹಳೆಯ ಫೋನ್ ಎಂದು ಸಂಕೋಚ ಬೇಡ. ನಿಮ್ಮ ಓದುಗರ ಕೈಯಲ್ಲಿರುವುದೂ ಅದೇ.

2. ಟ್ರೇಲರಿಗೆ ಮಾರ್ಕ್ಸ್ ಇಲ್ಲ, ಭಾವನೆಗೂ ಇಲ್ಲ

ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. ಎರಡೇ ದಿನ ಕಳೆದು ಬೆಂಗಳೂರಿನ ಎನ್‌ಕೋರ್ ಗೇಮ್ಸ್‌ನ 'ಫೌ-ಜಿ' ಘೋಷಣೆಯಾಯಿತು. ನಟ ಅಕ್ಷಯ್ ಕುಮಾರ್ ಅದನ್ನು ಸಾರಿದರು. ನಿವ್ವಳ ಆದಾಯದ ಶೇ. 20ರಷ್ಟು 'ಭಾರತ್ ಕೆ ವೀರ್' ನಿಧಿಗೆ ಎಂಬ ಮಾತೂ ಬಂತು. ಪಬ್‌ಜಿ ಬಿಟ್ಟುಹೋದ ಜಾಗಕ್ಕೆ ಇದು ಬರುತ್ತದೆಂದು ಲಕ್ಷಾಂತರ ಜನ ಮುಂಗಡ ನೋಂದಣಿ ಮಾಡಿ ಕಾದರು.

2021ರ ಗಣರಾಜ್ಯೋತ್ಸವದ ದಿನ ಕೈಗೆ ಬಂದದ್ದು ಬೇರೆಯೇ ಆಟ. ಗಾಲ್ವಾನ್ ಕಣಿವೆಯಲ್ಲಿ ದಳದಿಂದ ಬೇರೆಯಾದ ಯೋಧನೊಬ್ಬನ ಕಥೆ, ಒಬ್ಬರೇ ಆಡುವಂಥದ್ದು, ಬಹುಪಾಲು ಕೈ ಕೈ ಮಿಲಾಯಿಸುವ ಹೊಡೆದಾಟ. ಗೆಳೆಯರ ಜತೆ ಕೂಡಿ ಆಡುವ ವಿಧಾನಗಳು 'ಶೀಘ್ರದಲ್ಲಿ' ಎಂಬ ಪಟ್ಟಿಯಲ್ಲಿದ್ದವು. ಪ್ಲೇ ಸ್ಟೋರಿನಲ್ಲಿ ಒಂದು ಕಡೆ ದೇಶದ ಹೆಸರಿನಲ್ಲಿ ಐದು ನಕ್ಷತ್ರ, ಇನ್ನೊಂದು ಕಡೆ 'ಇದು ಪಬ್‌ಜಿ ಅಲ್ಲ' ಎಂಬ ಸಿಟ್ಟಿಗೆ ಒಂದು ನಕ್ಷತ್ರ. ಆಟವನ್ನು ಆಟವಾಗಿ ನೋಡಿದವರು ಕಡಿಮೆ.

ಅಂದು ಕೇಳಬೇಕಿದ್ದ ಪ್ರಶ್ನೆಗಳು ಸರಳ. ಹೊಡೆದಾಟದಲ್ಲಿ ವೈವಿಧ್ಯ ಇದೆಯೇ, ಅದೇ ಗುಂಡಿ ಅದೇ ಏಟೇ? ಶತ್ರುವಿನ ಏಟನ್ನು ತಡೆಯಲು ಒತ್ತಿದರೆ ಹೊತ್ತಿಗೆ ಸರಿಯಾಗಿ ತಡೆಯುತ್ತದೆಯೇ? ಹತ್ತನೆಯ ನಿಮಿಷಕ್ಕೂ ನಲವತ್ತನೆಯ ನಿಮಿಷಕ್ಕೂ ಏನು ವ್ಯತ್ಯಾಸ? ಕಥೆಯಲ್ಲಿ ಯೋಧನ ಒಂಟಿತನ ಮುಟ್ಟುತ್ತದೆಯೇ? ಉತ್ತರ ಏನೇ ಬರಲಿ, ಅದು ಆ ಆಟದ ಬಗ್ಗೆ ಇರುತ್ತಿತ್ತು.

'ಶೀಘ್ರದಲ್ಲಿ ಬರಲಿದೆ' ಎಂದು ಕಂಪನಿ ಹೇಳಿದ್ದನ್ನೆಲ್ಲ ಸೊನ್ನೆ ಎಂದೇ ಹಿಡಿಯಿರಿ. ಬಂದಾಗ ಬರೆದರಾಯಿತು.

3. ಮಧ್ಯಾಹ್ನದ ಪರೀಕ್ಷೆ ಮಾಡಿ

ಏಪ್ರಿಲ್ ತಿಂಗಳ ಹಾವೇರಿ ಜಿಲ್ಲೆಯ ಮಧ್ಯಾಹ್ನದಲ್ಲಿ, ತಗಡಿನ ಮಾಡಿನ ಕೆಳಗೆ, ಅರ್ಧ ಗಂಟೆ ಬಿಡದೆ ಆಡಿ. ಶುರುವಿನಲ್ಲಿ ಬ್ಯಾಟರಿ ಎಷ್ಟಿತ್ತು, ಕೊನೆಗೆ ಎಷ್ಟಾಯಿತು, ಬರೆದುಕೊಳ್ಳಿ. ಸೆಟ್ಟಿಂಗ್ಸಿಗೆ ಹೋಗಿ ಆ ಗೇಮ್ ಎಷ್ಟು ಡೇಟಾ ತಿಂದಿತೆಂದು ನೋಡಿ. ಫೋನ್ ಕಾದ ಮೇಲೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಮೊದಲ ಹತ್ತು ನಿಮಿಷ ನುಣ್ಣಗೆ ಓಡಿದ ಗೇಮ್ ಆಮೇಲೆ ತಡವರಿಸುವುದು ಈ ಕಾರಣಕ್ಕೆ. ಎಸಿ ಕೋಣೆಯಲ್ಲಿ ಕೂತ ವಿಮರ್ಶಕರಿಗೆ ಇದು ಕಾಣುವುದೇ ಇಲ್ಲ.

ಇನ್ನೂ ಮೂರು ಸಣ್ಣ ಪರೀಕ್ಷೆ. ಆಟದ ನಡುವೆ ಯಾರಿಂದಲಾದರೂ ಕರೆ ಮಾಡಿಸಿ, ಮಾತಾಡಿ ಮರಳಿದಾಗ ಆಟ ಅಲ್ಲೇ ಇದೆಯೇ ನೋಡಿ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಇದು ದೊಡ್ಡ ವಿಷಯ. ಡೇಟಾ ಆಫ್ ಮಾಡಿ, ಒಬ್ಬರೇ ಆಡುವ ಭಾಗವಾದರೂ ತೆರೆಯುತ್ತದೆಯೇ ನೋಡಿ. ಬಸ್ಸಿನಲ್ಲಿ ಹೋಗುವಾಗ ಸಿಗ್ನಲ್ ಹೋಗಿ ಬಂದರೆ ಗೇಮ್ ಮತ್ತೆ ಜೋಡಿಸಿಕೊಳ್ಳುತ್ತದೋ, ಹೊರಹಾಕಿ ಪಾಯಿಂಟ್ ಕತ್ತರಿಸುತ್ತದೋ ಬರೆಯಿರಿ.

4. ಮೊದಲ ಅರ್ಧ ಗಂಟೆಯನ್ನು ನಂಬಿ ತೀರ್ಪು ಕೊಡಬೇಡಿ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಗೇಮಿಗೆ ಸಾಕಾಗುವುದಿಲ್ಲ. ಉಚಿತ ಗೇಮ್‌ಗಳು ಮೊದಲ ದಿನ ಕೈತುಂಬ ಕೊಡುತ್ತವೆ: ನಾಣ್ಯ, ಬಂದೂಕು, ಬಟ್ಟೆ, ಸುಲಭದ ಗೆಲುವು. ಎದುರಾಳಿಗಳಲ್ಲಿ ಅನೇಕರು ಮನುಷ್ಯರೇ ಆಗಿರುವುದಿಲ್ಲ, ಕಂಪ್ಯೂಟರ್ ಬಾಟ್‌ಗಳು. ಮೂರನೆಯ ನಾಲ್ಕನೆಯ ದಿನ 'ಶಕ್ತಿ ಮುಗಿಯಿತು, ಎರಡು ಗಂಟೆ ಕಾಯಿರಿ ಇಲ್ಲವೇ ಕೊಳ್ಳಿ' ಎಂಬ ಕಿಟಕಿ ತೆರೆಯುತ್ತದೆ. ಆ ಕಿಟಕಿ ಯಾವ ಹಂತದಲ್ಲಿ ಬಂತೆಂದು ಹೇಳುವುದೇ ಉಚಿತ ಗೇಮಿನ ವಿಮರ್ಶೆಯ ಜೀವಾಳ.

ಹಣ ಕೊಟ್ಟು ಕೊಳ್ಳುವ ಗೇಮಿಗೆ ಇನ್ನೊಂದು ಲೆಕ್ಕ. ಪಿಸಿ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು. ಹಾಗಾಗಿ ನಿಮ್ಮ ಓದುಗರಿಗೆ ಆ ಎರಡು ಗಂಟೆಯೊಳಗೆ ಏನು ಪರೀಕ್ಷಿಸಬೇಕೆಂದು ಬೇರೆಯಾಗಿ ಬರೆದುಕೊಡಿ. ಅದೊಂದು ಪ್ಯಾರಾ ಇಡೀ ವಿಮರ್ಶೆಗಿಂತ ಹೆಚ್ಚು ಜನರಿಗೆ ನೆರವಾಗುತ್ತದೆ.

5. ನೋಡುವುದು ಬೇರೆ, ಆಡುವುದು ಬೇರೆ

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ 'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ತಂದಿತು. ರಾಜಿ ಎಂಬ ಹುಡುಗಿ, ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕುತ್ತ ಹೊರಡುತ್ತಾಳೆ. ದುರ್ಗೆ, ವಿಷ್ಣು ಅವಳ ಪಯಣವನ್ನು ನೋಡುತ್ತ ಮಾತಾಡುತ್ತಾರೆ. ರಾಜಸ್ಥಾನದ ಕೋಟೆ-ಅರಮನೆಗಳ ಚೆಲುವು, ಭಿತ್ತಿಚಿತ್ರಗಳು, ಕಥೆಯನ್ನು ತೊಗಲುಗೊಂಬೆಯಾಟದ ನೆರಳಿನಲ್ಲಿ ಹೇಳುವ ದೃಶ್ಯಗಳು, ಇವೆಲ್ಲ ಕಣ್ತುಂಬುವಂತಿವೆ. ಆ ವರ್ಷದ 'ದ ಗೇಮ್ ಅವಾರ್ಡ್ಸ್'ನಲ್ಲಿ ಚೊಚ್ಚಲ ಆಟಗಳ ಪಟ್ಟಿಗೂ ಅದು ನಾಮನಿರ್ದೇಶನಗೊಂಡಿತು.

ಹಾನಗಲ್ಲಿನ ತಾರಕೇಶ್ವರ ಗುಡಿಯ ಒಳಛತ್ತಿನಲ್ಲಿ ಕಲ್ಲಿನ ಕಮಲ ಅರಳಿರುವುದನ್ನು ಕತ್ತೆತ್ತಿ ನೋಡಿ ಬೆಳೆದವರಿಗೆ, ಇಂಥ ಗೇಮಿನಲ್ಲಿ ಕಂಬ, ಜಾಲಂಧ್ರ, ಪಟ್ಟಿಕೆಗಳನ್ನು ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂದು ಹೇಳುವ ಯೋಗ್ಯತೆ ತಾನಾಗಿ ಬಂದಿರುತ್ತದೆ. ತೊಗಲುಗೊಂಬೆ ನಮ್ಮ ನಾಡಿನದೂ ಹೌದು, ಅದರ ಕೈಕಾಲಿನ ಚಲನೆ ಪರದೆಯ ಮೇಲೆ ಹೇಗೆ ಬಂದಿದೆ ಎಂದು ಲಂಡನ್ನಿನ ವಿಮರ್ಶಕನಿಗಿಂತ ನೀವು ಚೆನ್ನಾಗಿ ಬರೆಯಬಲ್ಲಿರಿ.

ನೋಟದ ಬಗ್ಗೆ ಬರೆದಾದ ಮೇಲೆ ಆಡುವ ಅನುಭವದ ಕಡೆಗೆ ತಿರುಗಿ. ರಾಜಿ ಜಿಗಿದಾಗ ಅಂದುಕೊಂಡ ಕಡೆಗೇ ಹೋಗಿ ಇಳಿಯುತ್ತಾಳೆಯೇ? ಸುತ್ತ ಹತ್ತು ಅಸುರರು ಇದ್ದಾಗ ಹೊಡೆತ ಬೇಕಾದವನಿಗೇ ಬೀಳುತ್ತದೆಯೇ? ಕಥೆ ಕೊನೆ ಮುಟ್ಟುತ್ತದೆಯೇ? ಅನೇಕ ವಿಮರ್ಶಕರು ಹೊಡೆದಾಟದಲ್ಲಿ ನಿಖರತೆ ಸಾಲದು, ಕಥೆ ಥಟ್ಟನೆ ನಿಂತುಬಿಡುತ್ತದೆ ಎಂದರು. ನನ್ನ ಅಭಿಪ್ರಾಯವೂ ಅದೇ. ಆದರೂ ಆಡಬೇಕಾದ ಗೇಮ್ ಎಂದೇ ಹೇಳುತ್ತೇನೆ. ಈ ಎರಡು ಮಾತನ್ನೂ ಒಂದೇ ವಿಮರ್ಶೆಯಲ್ಲಿ ಹೇಳಲು ಬರಬೇಕು. ನಮ್ಮ ದೇಶದ್ದೆಂದು ಕೊರತೆ ಮುಚ್ಚಿಟ್ಟರೆ ಮುಂದಿನ ಗೇಮ್ ಮಾಡುವವರಿಗೇ ನಷ್ಟ.

6. ಕಷ್ಟದ ಗೇಮನ್ನು ಕೆಟ್ಟ ಗೇಮ್ ಎನ್ನಬೇಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತಾಗ ಒಂದು ಪ್ರಶ್ನೆ ಹಾಕಿಕೊಳ್ಳಿ: ಯಾಕೆ ಸೋತೆನೆಂದು ನನಗೆ ತಿಳಿಯಿತೇ? ತಿಳಿದರೆ ಅದು ಕಷ್ಟದ ಗೇಮ್, ಮುಂದಿನ ಸಲ ಒಂದಿಷ್ಟು ದೂರ ಹೋಗುತ್ತೀರಿ. ಗುಂಡಿ ಒತ್ತಿದ್ದು ದಾಖಲಾಗದೆ, ಕ್ಯಾಮೆರಾ ಗೋಡೆಯ ಹಿಂದೆ ಸಿಕ್ಕಿಕೊಂಡು ಸೋತಿದ್ದರೆ ದೋಷ ಗೇಮಿನದು. ನಿಮಗಿಂತ ಚೆನ್ನಾಗಿ ಆಡುವ ಒಬ್ಬರಿಗೂ, ಗೇಮ್ ಮುಟ್ಟದ ಒಬ್ಬರಿಗೂ ಅದೇ ಹಂತ ಆಡಲು ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ಸಲಹೆ ಕೊಡಬೇಡಿ, ನೋಡಿ ಅಷ್ಟೇ.

7. ನಿಮ್ಮ ಊರಿನ ತಿಳಿವಳಿಕೆಯನ್ನು ವಿಮರ್ಶೆಗೆ ತನ್ನಿ

ಈ ಸೂತ್ರಗಳಲ್ಲೆಲ್ಲ ನನಗೆ ಬಹಳ ಮುಖ್ಯ ಎನಿಸುವುದು ಇದು.

ಜಯಂಟ್ಸ್ ಸಾಫ್ಟ್‌ವೇರ್ ಕಂಪನಿಯ 'ಫಾರ್ಮಿಂಗ್ ಸಿಮ್ಯುಲೇಟರ್ 25' 2024ರ ನವೆಂಬರ್ 12ರಂದು ಪಿಸಿ ಮತ್ತು ಕನ್ಸೋಲಿಗೆ ಬಂತು. ಈ ಸರಣಿ ಯೂರೋಪ್-ಅಮೆರಿಕದ ಗೋಧಿ, ಮೆಕ್ಕೆಜೋಳದ ಬಯಲುಗಳಿಗೆ ಹೆಸರಾದದ್ದು. ಈ ಸಲ ಪೂರ್ವ ಏಷ್ಯಾದ ಒಂದು ನಕ್ಷೆ ಸೇರಿತು, ಜತೆಗೆ ಭತ್ತದ ಗದ್ದೆ, ಎಮ್ಮೆ. ಗದ್ದೆಗೆ ನೀರು ಕಟ್ಟಿ ಸಸಿ ನಾಟಿ ಮಾಡುವ ಯಂತ್ರ ಬಂತು. ಚಕ್ರ ಹಾದ ಕಡೆ ನೆಲ ಇಳಿದು ಗುರುತು ಉಳಿಯುವ ತಂತ್ರವೂ ಬಂತು. ಆಲಿಕಲ್ಲು, ಸುಂಟರಗಾಳಿ ಬಂದವು.

ಹೊರದೇಶದ ವಿಮರ್ಶೆಗಳು 'ಭತ್ತ ಸೇರಿದೆ, ಹೊಸತನವಿದೆ' ಎಂದು ಒಂದು ಸಾಲಿನಲ್ಲಿ ಮುಗಿಸಿದ ವಿಷಯವನ್ನು ಹಾನಗಲ್ ಸೀಮೆಯ ರೈತರ ಮಗ ಎರಡು ಪುಟ ಬರೆಯಬಹುದು. ಇಲ್ಲಿ ಮಳೆ ನೋಡಿಕೊಂಡು ಕೂರಿಗೆಯಲ್ಲಿ ಭತ್ತ ಬಿತ್ತುವವರಿದ್ದಾರೆ, ಕೆರೆ ನೀರು ಹಾಯಿಸಿ ನಾಟಿ ಹಚ್ಚುವವರೂ ಇದ್ದಾರೆ. ಎರಡಕ್ಕೂ ಹದ ಬೇರೆ, ಕಳೆಯ ಕಾಟ ಬೇರೆ, ಖರ್ಚು ಬೇರೆ. ಗೇಮಿನಲ್ಲಿ ಆ ವ್ಯತ್ಯಾಸ ಕಾಣುತ್ತದೆಯೇ? ನೀರು ಕಟ್ಟಿದ ಗದ್ದೆಯಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಎದೆ ಡವಗುಟ್ಟುವ ಆ ಭಯ ಇದೆಯೇ, ಡಾಂಬರು ರಸ್ತೆಯಂತೆ ಸಲೀಸಾಗಿ ಹೋಗುತ್ತದೆಯೇ? ಗೇಮಿನಲ್ಲಿ ಆಳು ಬೇಕೆಂದರೆ ಗುಂಡಿ ಒತ್ತಿದ ಕೂಡಲೇ ಬರುತ್ತಾನೆ, ಸಂಬಳ ಕಡಿತವಾಗುತ್ತದೆ. ಸುಗ್ಗಿಯ ವಾರದಲ್ಲಿ ಆಳಿಗಾಗಿ ಮನೆ ಮನೆ ತಿರುಗಿದವರಿಗೆ ಅದು ಹೇಗೆ ಕಾಣುತ್ತದೆ?

ಇಲ್ಲಿ ವಿಮರ್ಶಕರ ವಿವೇಕ ಬೇಕು. ವಾಸ್ತವಕ್ಕೆ ಹತ್ತಿರ ಇಲ್ಲದ್ದೆಲ್ಲ ಕೊರತೆಯಲ್ಲ. ದಿನವಿಡೀ ಹೊಲದಲ್ಲಿ ದುಡಿದು ಬಂದವರು ಸಂಜೆ ಆಳಿನ ಚಿಂತೆ ಇಲ್ಲದ ಹೊಲವನ್ನು ಬಯಸಿದರೆ ಅದು ಸಹಜ. ಕಳೆ ತೆಗೆಯುವ ಬೇಸರವನ್ನು ಗೇಮ್ ಬಿಟ್ಟುಬಿಟ್ಟಿದ್ದರೆ ಒಳ್ಳೆಯದೇ ಆಯಿತು. ಆದರೆ ಬೇಸಾಯದ ಸಂತೋಷವನ್ನೂ ಬಿಟ್ಟಿದ್ದರೆ, ಅಂದರೆ ಬಿತ್ತಿದ್ದು ಮೊಳೆತಾಗಿನ ಖುಷಿ, ಹದ ನೋಡಿ ಮಾಡಿದ ನಿರ್ಧಾರ ಫಲ ಕೊಟ್ಟಾಗಿನ ತೃಪ್ತಿ ಅದರಲ್ಲಿ ಇಲ್ಲದಿದ್ದರೆ, ಅದು ದೊಡ್ಡ ಲೋಪ. ಈ ಎರಡನ್ನು ಬೇರ್ಪಡಿಸಿ ಹೇಳಬಲ್ಲ ವಿಮರ್ಶೆ ಜಗತ್ತಿನ ಯಾವ ಭಾಷೆಯಲ್ಲೂ ಸುಲಭವಾಗಿ ಸಿಗದು. ಕನ್ನಡದಲ್ಲಿ ಸಿಗಬಹುದು.

ಕಬಡ್ಡಿ ಆಡಿದವರು ಕಬಡ್ಡಿ ಗೇಮ್ ತೂಗಲಿ, ಟೆನ್ನಿಸ್ ಬಾಲ್ ಕ್ರಿಕೆಟ್ ಆಡಿದವರು ಕ್ರಿಕೆಟ್ ಗೇಮಿನ ಸ್ಪಿನ್ ತೂಗಲಿ, ಲಾರಿ ಓಡಿಸುವವರ ಮಗಳು ಟ್ರಕ್ ಗೇಮ್ ತೂಗಲಿ.

8. ದುಡ್ಡಿನ ಲೆಕ್ಕ ಬಿಡಿಸಿ ಹೇಳಿ

'ಉಚಿತ' ಎಂಬ ಪದವನ್ನು ಹಾಗೇ ಬಿಡಬೇಡಿ. ದುಡ್ಡು ಕೊಟ್ಟವರಿಗೆ ಸಿಗುವುದು ಬರೀ ಬಣ್ಣದ ಬಟ್ಟೆಯೇ, ಗೆಲ್ಲುವ ಬಲವೇ? ಬಟ್ಟೆಯಾದರೆ ಅವರವರ ಇಷ್ಟ. ಬಲವಾದರೆ ಗೇಮ್ ಅನ್ಯಾಯದ್ದು, ಹಾಗೆಂದೇ ಬರೆಯಿರಿ. 2017ರಲ್ಲಿ ಪೂರ್ತಿ ಬೆಲೆ ತೆಗೆದುಕೊಂಡು ಮಾರಿದ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2'ರಲ್ಲಿ ಆಟದ ಒಳಗೂ ದುಡ್ಡು ಕೊಟ್ಟು ಬಲ ಕೊಡುವ 'ಲೂಟ್ ಬಾಕ್ಸ್' ಪೆಟ್ಟಿಗೆ ಕೊಳ್ಳುವ ಏರ್ಪಾಡು ಇಟ್ಟಾಗ ಆಟಗಾರರು ಜಗತ್ತಿನಾದ್ಯಂತ ತಿರುಗಿಬಿದ್ದರು. ಇಎ ಕಂಪನಿ ಬಿಡುಗಡೆಯ ಮುನ್ನಾದಿನ ಆ ಮಾರಾಟವನ್ನು ನಿಲ್ಲಿಸಬೇಕಾಯಿತು. ಸಾಮಾನ್ಯ ಆಟಗಾರರ ಮಾತಿಗೆ ಅಷ್ಟು ಬಲ ಇದೆ.

'ಇಷ್ಟು ರೂಪಾಯಿಗೆ ಇಷ್ಟು ಗಂಟೆ' ಎಂಬ ಅಳತೆಯೊಂದನ್ನೇ ಹಿಡಿಯಬೇಡಿ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ 'ವೆಣ್ಬಾ' ಎರಡು ಗಂಟೆಯೊಳಗೆ ಮುಗಿಯುತ್ತದೆ. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದುಹೋದ ಅಡುಗೆ ಪುಸ್ತಕದ ಕಾಣದ ಸಾಲುಗಳನ್ನು ಊಹಿಸಿ ಇಡ್ಲಿ ಬೇಯಿಸುತ್ತಾಳೆ, ಮಗ ಭಾಷೆಯಿಂದ ದೂರವಾಗುತ್ತ ಹೋಗುತ್ತಾನೆ. 2024ರಲ್ಲಿ ಅದಕ್ಕೆ ಬಾಫ್ಟಾ ಚೊಚ್ಚಲ ಗೇಮ್ ಪ್ರಶಸ್ತಿ ಬಂತು. ನೂರು ಗಂಟೆ ಎಳೆಯುವ ಎಷ್ಟೋ ಗೇಮ್‌ಗಳು ಅದರ ಹತ್ತು ನಿಮಿಷಕ್ಕೆ ಸಾಟಿಯಾಗಲಾರವು.

ಇನ್ನು ಹಣ ಕಟ್ಟಿ ಆಡುವ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳು. ಅವುಗಳನ್ನು ಗೇಮ್ ಎಂದು ವಿಮರ್ಶಿಸಲು ಹೋಗಲೇಬೇಡಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದಾಟಗಳನ್ನು ನಿಷೇಧಿಸಿದೆ. ಅವುಗಳ ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. 'ನಮ್ಮ ಆ್ಯಪ್ ಬಗ್ಗೆ ಎರಡು ಮಾತು ಹೇಳಿ, ದುಡ್ಡು ಕೊಡ್ತೀವಿ' ಎಂಬ ಸಂದೇಶ ಬಂದರೆ ಅಳಿಸಿಬಿಡಿ.

9. ಮಕ್ಕಳಿರುವ ಮನೆಗೆ ಎರಡು ಸಾಲು ಮೀಸಲಿಡಿ

ಪ್ಲೇ ಸ್ಟೋರಿನಲ್ಲಿ ವಯಸ್ಸಿನ ಗುರುತು ಇರುತ್ತದೆ: 3+, 7+, 12+, 16+, 18+. ಗುರುತು ಹೇಳಿ, ಜತೆಗೆ ಯಾಕೆ ಎಂದೂ ಹೇಳಿ. ರಕ್ತವೋ, ಅಪರಿಚಿತರ ಜತೆ ಮಾತೋ, ದುಡ್ಡಿನ ಆಮಿಷವೋ? ನನ್ನ ಮಟ್ಟಿಗೆ ಅಪರಿಚಿತರ ವಾಯ್ಸ್ ಚಾಟ್ ಬಂದೂಕಿಗಿಂತ ಹೆಚ್ಚು ಗಮನಿಸಬೇಕಾದ್ದು. ಅದನ್ನು ಆಫ್ ಮಾಡುವ ದಾರಿ ಸೆಟ್ಟಿಂಗ್ಸಿನಲ್ಲಿ ಎಲ್ಲಿದೆ ಎಂದು ತೋರಿಸಿಕೊಡಿ. 2023ರಲ್ಲಿ ಪಬ್‌ಜಿಯ ಭಾರತೀಯ ಆವೃತ್ತಿಯಾದ ಬಿಜಿಎಂಐ ನಿಷೇಧದ ನಂತರ ಮತ್ತೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ ಎಂಬ ಮಿತಿ ಹಾಕಿತು. ಅಂಥ ಏರ್ಪಾಡು ಹೊಸ ಗೇಮಿನಲ್ಲಿ ಇದ್ದರೆ ಅದನ್ನು ಬಲದ ಪಟ್ಟಿಗೆ ಸೇರಿಸಿ.

10. ಅಂಕ ಕೊಡುವ ಮೊದಲು ಯೋಚಿಸಿ

ಸ್ಟೀಮಿನಲ್ಲಿ ಕಾಣುವ ಶೇಕಡಾ 80 ಎಂದರೆ ಎಂಬತ್ತು ಅಂಕವಲ್ಲ. ನೂರರಲ್ಲಿ ಎಂಬತ್ತು ಜನ 'ಆಡಬಹುದು' ಎಂದಿದ್ದಾರೆ, ಅಷ್ಟೇ. ಇದನ್ನು ಓದುಗರಿಗೆ ತಿಳಿಸಿ.

ಅಂಕದ ಹಿಂದೆ ಅನ್ನವೂ ಇದೆ. 2010ರ 'ಫಾಲ್‌ಔಟ್: ನ್ಯೂ ವೆಗಾಸ್' ಮಾಡಿದ ಅಬ್ಸಿಡಿಯನ್ ತಂಡಕ್ಕೆ ವಿಮರ್ಶಕರ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ಸರಾಸರಿ 85 ಬಂದರೆ ಬೋನಸ್ ಎಂಬ ಒಪ್ಪಂದವಿತ್ತು. ಬಂದದ್ದು 84. ಒಂದೇ ಅಂಕಕ್ಕೆ ಬೋನಸ್ ಕೈ ತಪ್ಪಿತೆಂದು ತಂಡದವರೇ 2012ರಲ್ಲಿ ಹೇಳಿದರು. ಇಂದು ಅದು ಬಹಳ ಜನ ಮೆಚ್ಚುವ ಗೇಮ್. ಅಂಕ ಕೊಡಲೇಬೇಕೆಂದರೆ ಕೊಡಿ, ಕಾರಣ ಬರೆಯದೆ ಮಾತ್ರ ಕೊಡಬೇಡಿ.

11. ಸರ್ವರ್ ಕೇಳಿ, ದಿನಾಂಕ ಹಾಕಿ

ಸೋನಿಯ ಆನ್‌ಲೈನ್ ಗೇಮ್ 'ಕಾಂಕಾರ್ಡ್' 2024ರ ಆಗಸ್ಟ್ 23ರಂದು ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಸ್ಟೀಮಿನಲ್ಲಿ ಒಂದೇ ಹೊತ್ತಿಗೆ ಅದನ್ನು ಆಡುತ್ತಿದ್ದವರ ಗರಿಷ್ಠ ಸಂಖ್ಯೆ 697. ಕೊಂಡವರಿಗೆಲ್ಲ ಹಣ ಮರಳಿಸಿದರು. ಎಲ್ಲ ಸಲವೂ ಹೀಗೆ ಹಣ ಮರಳಿ ಬರುವುದಿಲ್ಲ. ಪೂರ್ತಿ ಆನ್‌ಲೈನ್ ಮೇಲೆ ನಿಂತ ಗೇಮ್ ಆದರೆ ಹೊಂದಾಣಿಕೆಯ ಎದುರಾಳಿ ಸಿಗಲು ಎಷ್ಟು ಹೊತ್ತು ಕಾಯಬೇಕು, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು, ಪಿಂಗ್ ಎಷ್ಟು ಎಂದು ಬರೆಯಿರಿ.

ಹಾಗೆಯೇ ಕೆಟ್ಟದಾಗಿ ಬಂದ ಗೇಮ್ ಸುಧಾರಿಸುವುದೂ ಉಂಟು. 2016ರಲ್ಲಿ ಬೈಗುಳ ತಿಂದ 'ನೋ ಮ್ಯಾನ್ಸ್ ಸ್ಕೈ'ಯನ್ನು ಹಲೋ ಗೇಮ್ಸ್ ತಂಡ ವರ್ಷಗಟ್ಟಲೆ ಉಚಿತ ಅಪ್‌ಡೇಟ್ ಕೊಟ್ಟು ಎತ್ತಿ ನಿಲ್ಲಿಸಿತು. ಮೇಲೆ ಹೇಳಿದ ಸೈಬರ್‌ಪಂಕ್ ಕೂಡ 2023ರ ಸೆಪ್ಟೆಂಬರಿನ 2.0 ಅಪ್‌ಡೇಟಿನ ಹೊತ್ತಿಗೆ ಬೇರೆಯೇ ಗೇಮ್ ಆಗಿತ್ತು. ವಿಮರ್ಶೆಯ ಮೇಲೆ ದಿನಾಂಕ, ಗೇಮಿನ ಆವೃತ್ತಿ ಸಂಖ್ಯೆ ಇರಲಿ. ಆರು ತಿಂಗಳ ಮೇಲೆ ಮತ್ತೊಮ್ಮೆ ಆಡಿ, ಬದಲಾಗಿದ್ದರೆ ಹಳೆಯದನ್ನು ಅಳಿಸದೆ ಕೆಳಗೆ ಸೇರಿಸಿ.

12. ಯಾರು ಕೊಟ್ಟರೆಂದು ಮೊದಲ ಸಾಲಿನಲ್ಲೇ ಹೇಳಿ

2007ರಲ್ಲಿ ಅಮೆರಿಕದ ಗೇಮ್‌ಸ್ಪಾಟ್ ಜಾಲತಾಣದ ಹಿರಿಯ ವಿಮರ್ಶಕ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಗೇಮಿಗೆ ಹತ್ತಕ್ಕೆ ಆರು ಅಂಕ ಕೊಟ್ಟರು. ಅದೇ ಗೇಮಿನ ಜಾಹೀರಾತು ಆಗ ಗೇಮ್‌ಸ್ಪಾಟ್ ತುಂಬ ಇತ್ತು. ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡದ ಕಥೆಯನ್ನು 2012ರಲ್ಲಿ ಅವರೇ ಬಾಯಿಬಿಟ್ಟರು. ಕೆಲಸ ಹೋದರೂ ಓದುಗರು ಹೋಗಲಿಲ್ಲ. ಅವರು ಗೆಳೆಯರೊಂದಿಗೆ ಕಟ್ಟಿದ 'ಜಯಂಟ್ ಬಾಂಬ್' ದೊಡ್ಡ ಹೆಸರಾಯಿತು.

ಗೇಮ್ ಉಚಿತವಾಗಿ ಬಂದಿದ್ದರೆ, ದುಡ್ಡು ಬಂದಿದ್ದರೆ, ಒಂದು ಟೀಶರ್ಟ್ ಬಂದಿದ್ದರೂ ಹೇಳಿ. ಭಾರತದ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ನಿಯಮ ಮಾಡಿದೆ. ಸಣ್ಣ ಊರಿನಲ್ಲಿ ಒಮ್ಮೆ ನಂಬಿಕೆ ಹೋದರೆ ಮತ್ತೆ ಕಟ್ಟುವುದು ಬಹಳ ಕಷ್ಟ.

13. ಮೂರು ಸಾಲಿನಲ್ಲಿ ತೀರ್ಪು, ಉಳಿದದ್ದು ಆಮೇಲೆ

ಅಬಲೂರು ಸರ್ವಜ್ಞನ ಊರೆಂದು ನಾಡಿಗೆಲ್ಲ ಗೊತ್ತು. ಮುಲಾಜಿಲ್ಲದೆ, ಮೂರೇ ಸಾಲಿನಲ್ಲಿ, ಹಳ್ಳಿಯವನಿಗೂ ತಲುಪುವ ಹಾಗೆ ತೀರ್ಪು ಹೇಳುವುದು ಆ ತ್ರಿಪದಿಗಳ ಶಕ್ತಿ. ಅದನ್ನೇ ಅಭ್ಯಾಸ ಮಾಡಿ. ವಿಮರ್ಶೆ ಬರೆಯಲು ಕೂತಾಗ ಮೊದಲು ಮೂರು ವಾಕ್ಯ: ಬಲವೇನು, ಕೊರತೆಯೇನು, ಯಾರಿಗೆ ತಕ್ಕದ್ದು. ಮೂರನೆಯದು ಬರದಿದ್ದರೆ ನೀವು ಇನ್ನೂ ಸಾಕಷ್ಟು ಆಡಿಲ್ಲ.

'ಗ್ರಾಫಿಕ್ಸ್ ಸೂಪರ್, ಸೌಂಡ್ ಓಕೆ, ಗೇಮ್‌ಪ್ಲೇ ಚೆನ್ನಾಗಿದೆ' ಎಂದರೆ ಯಾವ ಗೇಮಿಗೂ ಹೊಂದುತ್ತದೆ, ಯಾವುದನ್ನೂ ಹೇಳುವುದಿಲ್ಲ. ಕಾರ್ ರೇಸಿನ ಗೇಮ್ ಒಂದಕ್ಕೆ ಹೀಗೆ ಬರೆಯಬಹುದು: 'ಒಬ್ಬರೇ ಆಡುವಾಗ ಕಾರಿನ ತೂಕ ಕೈಗೆ ತಿಳಿಯುತ್ತದೆ, ತಿರುವಿನಲ್ಲಿ ಬ್ರೇಕ್ ಬಿಟ್ಟು ಹಿಡಿಯುವ ಖುಷಿ ಇದೆ. ಮಳೆಯ ರಸ್ತೆಯಲ್ಲಿ ನಾಲ್ಕು ಕಾರು ಒಟ್ಟಿಗೆ ಬಂದರೆ ನಾಲ್ಕು ಜಿಬಿ ಫೋನಿನಲ್ಲಿ ಚಿತ್ರ ತಡವರಿಸುತ್ತದೆ. ಡೇಟಾ ಇಲ್ಲದೆ ಬಸ್ಸಿನಲ್ಲಿ ಆಡುವವರಿಗೆ ಚಲೋ, ಗೆಳೆಯರ ಜತೆ ಪಂದ್ಯ ಕಟ್ಟುವವರಿಗೆ ಅಲ್ಲ.' ಓದಿದವನು ಡೌನ್‌ಲೋಡ್ ಮಾಡುವುದೋ ಬಿಡುವುದೋ ಕೂಡಲೇ ತೀರ್ಮಾನಿಸಬಲ್ಲ.

ಲ್ಯಾಗ್, ಪಿಂಗ್, ಸ್ಕಿನ್, ಲೋಡಿಂಗ್, ಇವನ್ನೆಲ್ಲ ಹಾಗೇ ಬಳಸಿ, ಎಲ್ಲರೂ ಆಡುವ ಮಾತುಗಳು. ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ. 'ಐತಿ' ಅನ್ನುವುದನ್ನು 'ಇದೆ' ಮಾಡಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

14. ಇದರಲ್ಲಿ ದುಡಿಮೆಯ ದಾರಿಯೂ ಇದೆ

ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಕಟ್ಟಿದರು. ಭಾರತದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಅದೊಂದು. 2019ರಲ್ಲಿ ಅದನ್ನು ಕೊಂಡದ್ದು 'ಜಿಟಿಎ' ಮಾಡುವ ರಾಕ್‌ಸ್ಟಾರ್. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, ಈಗಿನ ನೀತಿ 2024ರಿಂದ 2029ರವರೆಗಿನದು. ಈ ಕಂಪನಿಗಳಲ್ಲಿ ಗೇಮ್ ಟೆಸ್ಟರ್ ಎಂಬ ಕೆಲಸವಿದೆ. ಯಾವ ಹಂತದಲ್ಲಿ, ಯಾವ ಫೋನಿನಲ್ಲಿ, ಏನು ಒತ್ತಿದಾಗ, ಏನು ತಪ್ಪಾಯಿತು ಎಂದು ಸ್ಪಷ್ಟವಾಗಿ ಬರೆದುಕೊಡುವುದೇ ಆ ಕೆಲಸ. ಮೊದಲ ಸೂತ್ರದಿಂದ ಇಲ್ಲಿಯವರೆಗೆ ನೀವು ಅಭ್ಯಾಸ ಮಾಡಿದ್ದೂ ಅದನ್ನೇ. ಸಂದರ್ಶನಕ್ಕೆ ಹೋಗುವಾಗ ಇಪ್ಪತ್ತು ಒಳ್ಳೆಯ ವಿಮರ್ಶೆಗಳು ಕೈಯಲ್ಲಿರಲಿ.

ಈ ತಿಂಗಳು ಬಂದ ಹೊಸ ಗೇಮ್‌ಗಳಲ್ಲಿ ನಿಮ್ಮ ಫೋನಿಗೆ ಹಿಡಿಸುವ ಒಂದನ್ನು ಆರಿಸಿ. ನಾಲ್ಕು ದಿನ ಆಡಿ, ಐದನೆಯ ದಿನ ಒಂದು ಪುಟ ಕನ್ನಡದಲ್ಲಿ ಬರೆಯಿರಿ. 'ಹೆಂಗೈತಿ?' ಎಂದು ಕೇಳಿದ ಗೆಳೆಯನಿಗೇ ಮೊದಲು ಓದಲು ಕೊಡಿ, ಓದಿದ ಮೇಲೆ ಅವನು ಇನ್ನೇನು ಕೇಳುತ್ತಾನೋ ಅದನ್ನೂ ಸೇರಿಸಿ ಬರೆಯಿರಿ.